ಮುಚ್ಚಿದ್ದ ಸ್ಕೀ ಗುಡ್ಡವನ್ನು ಮತ್ತೆ ತೆರೆಯಲು ಹೊರಟಾಗ

ನಮ್ಮ ಮನೆ ಇರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಕನೆಕ್ಟಿಕಟ್ ನದಿಯ ಈಚೆ ದಡದಲ್ಲಿ. ಆಚೆ ದಡ ವರ್ಮಾಂಟ್ ರಾಜ್ಯ. ಅಡುಗೆಮನೆ ಕಿಟಕಿಯಿಂದ ಒಂದು ಸಣ್ಣ ಗುಡ್ಡ ಕಾಣುತ್ತದೆ. ಬೇಸಿಗೆಯಲ್ಲಿ ನೋಡಿದರೆ ಏನೂ ವಿಶೇಷವಿಲ್ಲ, ಬರೀ ಹಸಿರು. ಅಕ್ಟೋಬರ್ ಬಂತೆಂದರೆ ಗುಟ್ಟು ಬಯಲಾಗುತ್ತದೆ. ಸುತ್ತಲಿನ ಮೇಪಲ್ ಮರಗಳೆಲ್ಲ ಕೆಂಪಾದಾಗ ನಡುವೆ ಮೇಲಿಂದ ಕೆಳಕ್ಕೆ, ಬೈತಲೆ ತೆಗೆದ ಹಾಗೆ, ಒಂದು ಹಳದಿ ಪಟ್ಟೆ. ಅದು ಬರ್ಚ್ ಮತ್ತು ಪಾಪ್ಲರ್. ಕಡಿದು ಬಿಟ್ಟ ಜಾಗದಲ್ಲಿ ಮೊದಲು ಏಳುವ ಮರಗಳು ಅವು.

ಅಲ್ಲಿ ಒಂದು ಹೈನುಗಾರ ಕುಟುಂಬ ಸ್ಕೀ ಗುಡ್ಡ ನಡೆಸುತ್ತಿತ್ತಂತೆ. ಶನಿವಾರ ಬೆಳಿಗ್ಗೆ ಹಾಲು ಕರೆದಾದ ಮೇಲೆ ಅಪ್ಪ ಹಗ್ಗ ಎಳೆಯುವ ಎಂಜಿನ್ ಚಾಲೂ ಮಾಡುವುದು, ಅಮ್ಮ ಟಿಕೆಟ್ ಹರಿಯುತ್ತಾ ಸೂಪ್ ಕಾಯಿಸುವುದು. 1980ರ ದಶಕದಲ್ಲಿ ಮುಚ್ಚಿದರು. ಹೆಸರು ಬರೆಯುವುದಿಲ್ಲ, ಆ ಮನೆಯವರಿಗೆ ಅದು ಇಷ್ಟವಿಲ್ಲ.

ನಾನು ಸಾಗರದ ಕಡೆಯವನು. ಹಿಮ ಮೊದಲು ನೋಡಿದ್ದೇ 29ನೇ ವಯಸ್ಸಿಗೆ. ಸ್ಕೀ ಕಲಿತದ್ದು 36ಕ್ಕೆ, ಆರು ವರ್ಷದ ಮಕ್ಕಳು ನಗುತ್ತಾ ಪಕ್ಕದಲ್ಲೇ ಹಾದು ಹೋಗುವಾಗ. ಹಾಗಾಗಿ ಗುಡ್ಡ ಮತ್ತೆ ತೆರೆಯುವ ಗುಂಪಿಗೆ ನನ್ನನ್ನು ಸೇರಿಸಿಕೊಂಡದ್ದು ಸ್ಕೀ ಬಲ್ಲೆ ಎಂದಲ್ಲ. ಪಕ್ಕದ ಮನೆಯಾತ "ನಿನಗೆ ಎಕ್ಸೆಲ್ ಬರುತ್ತಲ್ವಾ?" ಎಂದು ಕೇಳಿದ. ಬರುತ್ತೆ ಅಂದೆ. ಖಜಾಂಚಿಯಾದೆ.

ಖಜಾಂಚಿಯ ಮೊದಲ ಕೆಲಸ, ಯಾಕೆ ಮುಚ್ಚಿತು ಎಂದು ಲೆಕ್ಕ ಹಾಕುವುದು. ಇದು ನಮ್ಮೊಬ್ಬರ ಗುಡ್ಡದ ಕಥೆಯಲ್ಲ. ನ್ಯೂ ಇಂಗ್ಲೆಂಡ್‌ನಲ್ಲಿ, ಅಂದರೆ ಅಮೆರಿಕದ ಈಶಾನ್ಯದ ಈ ರಾಜ್ಯಗಳಲ್ಲಿ, ಹೀಗೆ ಮುಚ್ಚಿಹೋದ ಸ್ಕೀ ಜಾಗಗಳು 600ಕ್ಕೂ ಜಾಸ್ತಿ. ಹಗ್ಗ ಹಿಡಿದವರನ್ನು ಗುಡ್ಡದ ಮೇಲಕ್ಕೆ ಎಳೆಯುವ ರೋಪ್ ಟೋ ಅಮೆರಿಕದಲ್ಲಿ ಮೊದಲು ಓಡಿದ್ದು ಇಲ್ಲೇ ಹತ್ತಿರ, ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ, 1934ರ ಜನವರಿಯಲ್ಲಿ. ಒಂದು ಉದ್ದ ಹಗ್ಗ, ಕೆಲವು ಗಾಲಿ, ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್. ಅಷ್ಟೇ. ಅಷ್ಟು ಸುಲಭ ಅಂದಮೇಲೆ ಇಳಿಜಾರು ಗದ್ದೆ ಇದ್ದವರೆಲ್ಲ ಹಗ್ಗ ಕಟ್ಟಿದರು. ಕಟ್ಟುವುದು ಸುಲಭವಾದ್ದರಿಂದಲೇ ಬಿಚ್ಚುವುದೂ ಸುಲಭವಾಯಿತು.

ಬಿಚ್ಚಿಸಿದ್ದು ಒಂದೇ ಕಾರಣವಲ್ಲ. ದೊಡ್ಡ ರಿಸಾರ್ಟ್‌ಗಳು ಕೂತುಕೊಂಡೇ ಮೇಲೆ ಹೋಗುವ ಚೇರ್‌ಲಿಫ್ಟ್ ಹಾಕಿದವು. ಹಿಮ ಬೀಳದಿದ್ದರೆ ತಾವೇ ಹಿಮ ಮಾಡಿದವು. ಒಂದು ಎಕರೆಗೆ ಒಂದು ಅಡಿ ಹಿಮ ಹಾಸಬೇಕೆಂದರೆ ಸುಮಾರು 6-7 ಲಕ್ಷ ಲೀಟರ್ ನೀರು ಬೇಕು. ಪಂಪು, ಪೈಪು, ಕರೆಂಟು ಬೇರೆ. ಹಸು ಸಾಕಿಕೊಂಡಿದ್ದವರು ಎಲ್ಲಿಂದ ತರುತ್ತಾರೆ? ಅದರ ಮೇಲೆ ಇನ್ಶೂರೆನ್ಸ್. 1974ರಲ್ಲಿ ವರ್ಮಾಂಟ್‌ನ ಸ್ಟ್ರಾಟನ್ ಎಂಬ ರಿಸಾರ್ಟ್‌ನಲ್ಲಿ ಹೊಸದಾಗಿ ಕಲಿಯುವವರ ಇಳಿಜಾರಿನಲ್ಲೇ ಒಬ್ಬ ಯುವಕ ಹಿಮದಡಿಯ ಪೊದೆಗೆ ಸಿಕ್ಕಿ ಬಿದ್ದ. ಕೈಕಾಲು ಸ್ವಾಧೀನ ತಪ್ಪಿತು. 1977ರಲ್ಲಿ ಜ್ಯೂರಿ 15 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅವನಿಗಾದ ಅನ್ಯಾಯಕ್ಕೆ ಅದು ಜಾಸ್ತಿ ಅಂತ ನಾನು ಹೇಳಲಾರೆ. ಆದರೆ ಅಲ್ಲಿಂದ ಪ್ರೀಮಿಯಂ ಏರಿದ್ದು ದೊಡ್ಡವರಿಗೆ ತಲೆನೋವು, ಸಣ್ಣವರಿಗೆ ಸಾವು.

ಈ ಲೆಕ್ಕ ನೋಡಿದ ಮೇಲೆ ನಮ್ಮ ಗುಂಪಿನಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷದ್ದು, ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಚೇರ್‌ಲಿಫ್ಟ್ ತರೋಣ ಎಂದು. ನನ್ನದು ಸಾಲ ಬೇಡವೇ ಬೇಡ ಎನ್ನುವ ಪಕ್ಷ. ಅಡಿಕೆ ಬೆಲೆ ನಂಬಿ ಸಾಲ ಮಾಡಿದವರ ಮನೆ ನೋಡಿ ಬೆಳೆದವನು ನಾನು. ಬೆಲೆಯನ್ನಾದರೂ ನಂಬಬಹುದು, ಹಿಮವನ್ನು ನಂಬಿ ಸಾಲ ಮಾಡುವುದುಂಟೇ!

ಜಗಳ ಬಗೆಹರಿದದ್ದು ಆಸ್ಕಟ್ನಿ ಎಂಬ ಸ್ಕೀ ಗುಡ್ಡಕ್ಕೆ ಹೋಗಿ ಬಂದ ಮೇಲೆ. ನದಿಯಾಚೆ ವೆಸ್ಟ್ ವಿಂಡ್ಸರ್ ಎಂಬ ಊರಿನಲ್ಲಿದೆ. 1946ರಲ್ಲಿ ಶುರುವಾದ ಜಾಗ. ಆಮೇಲೆ ಹೋಟೆಲ್, ವೇಗದ ಚೇರ್‌ಲಿಫ್ಟ್, ಬುಡದಿಂದ ಸುಮಾರು 1800 ಅಡಿ ಎತ್ತರದ ಓಟ. ಒಬ್ಬರಾದ ಮೇಲೆ ಒಬ್ಬರು ಮಾಲೀಕರು ಕೈಸುಟ್ಟುಕೊಂಡರು. 2010ರಲ್ಲಿ ಮುಚ್ಚಿತು. ಆ ವೇಗದ ಲಿಫ್ಟ್ ಬಿಚ್ಚಿಕೊಂಡು ನ್ಯೂ ಹ್ಯಾಂಪ್‌ಶೈರ್‌ನ ಇನ್ನೊಂದು ಗುಡ್ಡಕ್ಕೆ ಹೋಯಿತು. ಊರಿನ ಅಂಗಡಿಗೂ ಬೀಗ ಬಿತ್ತು.

ಆಮೇಲೆ ಊರಿನವರು ಮಾಡಿದ್ದೇ ಬೇರೆ. ಇನ್ನೊಬ್ಬ ಸಾಹುಕಾರನಿಗೆ ಕಾಯಲಿಲ್ಲ. ವೋಟು ಹಾಕಿ ಒಪ್ಪಿ, ಭೂಮಿ ಉಳಿಸುವ ಒಂದು ಟ್ರಸ್ಟ್ ಜೊತೆ ಸೇರಿ, 2015ರಲ್ಲಿ ಆ ಸುಮಾರು 470 ಎಕರೆಯನ್ನು ಊರಿನ ಕಾಡಿಗೇ ಸೇರಿಸಿಕೊಂಡರು. ನಡೆಸಲು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ಕಟ್ಟಿದರು. ಮೊದಲು ಬರೀ ರೋಪ್ ಟೋ. ಕೆಲವು ವರ್ಷ ಬಿಟ್ಟು ಟಿ-ಬಾರ್ (ಹಿಂದೆ ಒರಗಿಸಿಕೊಂಡರೆ ಮೇಲಕ್ಕೆ ಎಳೆದೊಯ್ಯುವ ಟಿ ಆಕಾರದ ಕೋಲು), ಅದೂ ಬುಡದ ಇಳಿಜಾರಿಗೆ ಮಾತ್ರ. ತುದಿಗೆ ಹೋಗಬೇಕೆನ್ನುವವರು ಸ್ಕೀಯ ಅಡಿಗೆ ಹಿಂದಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ಹತ್ತುತ್ತಾರೆ. ಬೇಸಿಗೆಯಲ್ಲಿ ಸೈಕಲ್ ದಾರಿ. ಊರಿನ ಅಂಗಡಿ ಮತ್ತೆ ತೆರೆದಿದೆ. ಅಲ್ಲಿ ಕೂತು ಕಾಫಿ ಕುಡಿಯುವಾಗ ಚೇರ್‌ಲಿಫ್ಟ್ ಪಕ್ಷದವರು ತೆಪ್ಪಗಾದರು.

ಮರುವಾರ ನಾನು ಇನ್ಶೂರೆನ್ಸ್‌ಗೆ ಫೋನ್ ಹಚ್ಚಿದೆ. ಒಬ್ಬ ಏಜೆಂಟ್ "ರೋಪ್ ಟೋ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ "ಆಮೇಲೆ ಮಾಡುತ್ತೇನೆ" ಅಂದ. ಇವತ್ತಿನವರೆಗೂ ಮಾಡಿಲ್ಲ. ನಾಲ್ಕನೆಯವರು ಒಪ್ಪಿದರು. ಅವರು ಕೇಳಿದ ಮೊತ್ತ ನಮ್ಮ ಮಿಕ್ಕೆಲ್ಲ ಖರ್ಚು ಸೇರಿಸಿದರೂ ಜಾಸ್ತಿ. ಸ್ಕೀ ಗುಡ್ಡ ತೆರೆಯಬೇಕು ಅಂತ ಯಾರಾದರೂ ನನ್ನನ್ನು ಕೇಳಿದರೆ, ಗರಗಸ ಕೊಳ್ಳುವ ಮೊದಲು ಈ ಫೋನ್ ಮಾಡಿ ಅನ್ನುತ್ತೇನೆ.

ಗರಗಸದ ಕೆಲಸ ಬಿಡಿ, ಅದು ಖುಷಿಯ ಕೆಲಸ. ಮೂವತ್ತಕ್ಕೂ ಹೆಚ್ಚು ವರ್ಷದ ಹಳು. ನಮ್ಮಲ್ಲಿ ಸೊಪ್ಪಿನ ಬೆಟ್ಟದಲ್ಲಿ ಹಳು ಸವರಿ ಗೊತ್ತಿದ್ದರಿಂದ ಮೊದಲ ಬಾರಿ ನನಗೂ ಮರ್ಯಾದೆ ಸಿಕ್ಕಿತು. ಬುಡಮಟ್ಟ ಕಡಿಯದೆ ಅರ್ಧ ಅಡಿ ಮೋಟು ಬಿಟ್ಟರೆ ತೆಳು ಹಿಮದಲ್ಲಿ ಅದೇ ಸ್ಕೀಗೆ ಕಂಟಕ. ಆ ಸ್ಟ್ರಾಟನ್ ಪೊದೆ ನನ್ನ ತಲೆಯಿಂದ ಹೋಗಿರಲಿಲ್ಲ. ಎರಡು ಶರತ್ಕಾಲ, ಪ್ರತಿ ಭಾನುವಾರ. ಕೂಲಿಯಿಲ್ಲ. ಒಬ್ಬರ ಸೌದೆ ಸೀಳಲು ಎಲ್ಲರೂ ಹೋಗುವುದು, ಅವರು ಗುಡ್ಡಕ್ಕೆ ಬರುವುದು. ನಮ್ಮೂರಿನಲ್ಲಿ ಇದನ್ನು ಮುಯ್ಯಾಳು ಅನ್ನುತ್ತೇವೆ ಎಂದು ಹೇಳಿಕೊಟ್ಟೆ. ಈಗ ಕೆಲಸದ ಪಟ್ಟಿಯ ಮೇಲೆ ಅವರು ಹಾಗೆಯೇ ಬರೆಯುತ್ತಾರೆ, ಉಚ್ಚಾರಣೆ ಮಾತ್ರ ದೇವರಿಗೇ ಪ್ರೀತಿ.

ಹಗ್ಗದ ಬಗ್ಗೆ ಹೇಳಲೇಬೇಕು. ಕೆಳಗಿನಿಂದ ಮೇಲಕ್ಕೆ 600 ಅಡಿ, ಕಾರಿನ ಹಳೆಯ ಚಕ್ರಗಳ ಮೇಲೆ ಹಾದು ವಾಪಸ್. ಕೊಟ್ಟಿಗೆಯಲ್ಲಿದ್ದ ಟ್ರಕ್ ಎಂಜಿನ್ ತುಕ್ಕು ಹಿಡಿದಿತ್ತು, ಎಲೆಕ್ಟ್ರಿಕ್ ಮೋಟರ್ ಹಾಕಿದೆವು. ಓಡುವ ಹಗ್ಗವನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದರೆ ಮುಖ ಅಡಿಯಾಗಿ ಬೀಳುತ್ತೀರಿ. ಮೊದಲು ಸಡಿಲವಾಗಿ ಹಿಡಿದು, ಅಂಗೈಯಲ್ಲಿ ಜಾರಲು ಬಿಟ್ಟು, ನಿಧಾನವಾಗಿ ಬಿಗಿ ಮಾಡಬೇಕು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗ ಜಾರಿದರೆ ಅಂಗೈ ಉರಿಯುತ್ತದಲ್ಲ, ಚರ್ಮದ ಗ್ಲೌಸ್ ಹಾಕಿಕೊಂಡರೂ ಅದೇ ಬಿಸಿ. ಒದ್ದೆಯಾದರೆ ಹಗ್ಗ ಭಾರ. ಮಕ್ಕಳ ಕೈಯಲ್ಲಿ ಎತ್ತಲೂ ಆಗುವುದಿಲ್ಲ, ಮುಂದೆ ಒಬ್ಬರು ದೊಡ್ಡವರು ಹಿಡಿದಿರಬೇಕು.

ಇನ್ನೊಂದು ಅಪಾಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಗ್ಗ ಮುಂದಕ್ಕೆ ಓಡುತ್ತಾ ತನ್ನ ಸುತ್ತಲೂ ತಿರುಗುತ್ತಿರುತ್ತದೆ. ಸಡಿಲ ಬಟ್ಟೆ, ಉದ್ದ ಕೂದಲು ಸಿಕ್ಕರೆ ಸುತ್ತಿಕೊಳ್ಳುತ್ತದೆ. ಎಲ್ಲರಿಗೂ ಈ ಪಾಠ ಹೇಳುವವನು ನಾನೇ. ಮೊದಲ ಚಳಿಗಾಲ ಅಮ್ಮ ಊರಿನಿಂದ ತಂದಿದ್ದ ಮಫ್ಲರ್ ಕಟ್ಟಿಕೊಂಡು ಹತ್ತಿದವನೂ ನಾನೇ. ಅರ್ಧದಲ್ಲಿ ತುದಿ ಸಿಕ್ಕಿಕೊಂಡಿತು. ಒಂದು ಗಂಟು ಬಿಚ್ಚಿ ಕುತ್ತಿಗೆ ಉಳಿಯಿತು. ಮಫ್ಲರ್ ಒಬ್ಬಂಟಿಯಾಗಿ ಮೇಲಕ್ಕೆ ಹೋಗಿ, ತುದಿಯ ಸುರಕ್ಷಾ ತಂತಿಗೆ ತಾಗಿ, ಮೋಟರ್ ನಿಂತಿತು. ತಂತಿ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಅವತ್ತು ಪ್ರಯೋಗ ಸಮೇತ ಗೊತ್ತಾಯಿತು.

ಹಾಗಾದರೆ ಗೆದ್ದೆವಾ? ಮೊದಲ ವರ್ಷ 19 ದಿನ ಹಗ್ಗ ಓಡಿತು. ಎರಡನೆಯ ವರ್ಷ 7 ದಿನ. ಜನವರಿಯಲ್ಲಿ ಮಳೆ, ಹುಲ್ಲು ಕಾಣುತ್ತಿತ್ತು. ಟಿಕೆಟ್ 10 ಡಾಲರ್. ದೊಡ್ಡ ರಿಸಾರ್ಟ್‌ಗಳಲ್ಲಿ ಬಾಗಿಲಲ್ಲಿ ನಿಂತು ತೆಗೆದರೆ ಒಂದು ದಿನಕ್ಕೆ 200 ಡಾಲರ್ ದಾಟುವ ಜಾಗಗಳಿವೆ. ನಮ್ಮ ಟಿಕೆಟ್ ದುಡ್ಡಲ್ಲಿ ಕರೆಂಟ್ ಬಿಲ್ ಹೋಗುತ್ತದೆ, ಇನ್ಶೂರೆನ್ಸ್ ಹೋಗುವುದಿಲ್ಲ. ಅದಕ್ಕೆ ಪ್ಯಾನ್‌ಕೇಕ್ ತಿಂಡಿ, ಹಳೆ ಸ್ಕೀ ಮಾರಾಟ, ದಾನ. ಏಳು ದಿನ ಓಡಿದ ವರ್ಷವೂ ನಾವು ಮುಳುಗಲಿಲ್ಲ, ಯಾಕೆಂದರೆ ಕಂತು ಕಟ್ಟುವ ಬ್ಯಾಂಕ್ ಇರಲಿಲ್ಲ.

ಆದರೆ ಒಂದು ಕುಟುಂಬ ಇದರ ಮೇಲೆ ಮನೆ ನಡೆಸಬಹುದೇ ಅಂದರೆ, ನನ್ನ ಪುಸ್ತಕ ನೋಡಿ ಹೇಳುವುದಾದರೆ ಇಲ್ಲ. ವರ್ಮಾಂಟ್‌ನ ರಿಚ್‌ಮಂಡ್‌ನಲ್ಲಿ ಕಾಕ್ರನ್ ಕುಟುಂಬ 1961ರಲ್ಲಿ ಹಿತ್ತಲಲ್ಲೇ ಹಗ್ಗ ಕಟ್ಟಿ ಶುರು ಮಾಡಿತು. ಅಲ್ಲಿ ಕಲಿತ ಮಗಳು ಬಾರ್ಬರಾ ಆನ್ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಲಾಲಮ್ ಓಟದ ಚಿನ್ನ ಗೆದ್ದಳು. ಅಷ್ಟು ಹೆಸರಿದ್ದ ಗುಡ್ಡವೂ ಕೊನೆಗೆ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿಯೇ ಉಳಿದದ್ದು. ನಮ್ಮ ಗುಡ್ಡದ ಹಳೆಯ ಮನೆಯ ಮಗ ಒಂದು ದಿನ ಬಂದು ಲೆಕ್ಕ ನೋಡಿದರು. "ಕೂಲಿ ಕಾಲಂ ಎಲ್ಲಿ?" ಎಂದರು. ಇಲ್ಲ ಅಂದೆ. "ಅಪ್ಪನ ಪುಸ್ತಕದಲ್ಲೂ ಇರಲಿಲ್ಲ" ಅಂದು ಮುಚ್ಚಿಟ್ಟರು.

ಈಗ ನನಗಿರುವ ಚಿಂತೆ ದುಡ್ಡಿನದ್ದಲ್ಲ. ಹಗ್ಗ ಹರಿದರೆ ಗಂಟು ಹಾಕುವ ಹಾಗಿಲ್ಲ, ಗಂಟು ಗಾಲಿಯಲ್ಲಿ ಹಾಯುವುದಿಲ್ಲ. ಎರಡೂ ತುದಿಯ ಎಳೆ ಬಿಚ್ಚಿ, ಒಂದರೊಳಗೊಂದು ಉದ್ದಕ್ಕೂ ಹೆಣೆಯಬೇಕು, ದಪ್ಪ ಹೆಚ್ಚಬಾರದು. ಅದು ಬರುವುದು 78 ವರ್ಷದ ಒಬ್ಬರಿಗೆ ಮಾತ್ರ. ಎರಡು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದೇನೆ. ಅವರು ಹೆಣೆದ ಜಾಗ ಗಾಲಿ ಮೇಲೆ ಹಾದುಹೋದದ್ದೇ ತಿಳಿಯುವುದಿಲ್ಲ. ನಾನು ಹೆಣೆದದ್ದು ಸುತ್ತು ಬಂದಾಗಲೆಲ್ಲ "ಟಕ್" ಅನ್ನುತ್ತದೆ. ಗುಡಿಸಲೊಳಗೆ ಸ್ಟೋವ್ ಪಕ್ಕ ಕೂತಿದ್ದರೂ ಅವರಿಗೆ ಕೇಳಿಸುತ್ತದೆ. ಬಾಗಿಲು ತೆರೆದು, ಒಂದು ಬೆರಳು ಎತ್ತಿ, ಮತ್ತೆ ಬಿಚ್ಚು ಎಂದು ಸನ್ನೆ ಮಾಡುತ್ತಾರೆ.