ಯಕ್ಷಗಾನದ ರಾತ್ರಿ: ಫೋಕಸ್ ಕ್ಯಾಮೆರಾಕ್ಕೆ ಬಿಟ್ಟೆ, ಬೆಳಕಿನ ಲೆಕ್ಕ ನಾನಿಟ್ಟುಕೊಂಡೆ

ಬಯಲಾಟದ ಫೋಟೊಗಳಲ್ಲಿ ‘ಫೋಕಸ್ ಹೋಗಿದೆ’ ಎಂದು ಬದಿಗಿಡುವ ಎಷ್ಟೋ ಚಿತ್ರಗಳು ಕೆಟ್ಟಿರುವುದು ಫೋಕಸ್‌ನಿಂದಲ್ಲ, ಮೀಟರಿಂಗ್‌ನಿಂದ, ಅಂದರೆ ಕ್ಯಾಮೆರಾ ಬೆಳಕನ್ನು ಅಳೆಯುವ ರೀತಿಯಿಂದ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಆಟ ತೆಗೆದು ಬಂದ ಮೇಲೆ ನಾನು ಮೊದಲು ಪರೀಕ್ಷಿಸುವುದು ಇದನ್ನೇ. ಚಿತ್ರವನ್ನು 100%ಗೆ ಹಿಗ್ಗಿಸಿ ನೋಡಬೇಕು. ಹಿಂದೆ ಕುಳಿತ ಭಾಗವತರ ಮುಂಡಾಸಿನ ಮಡಿಕೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದು, ವೇಷದ ಮುಖ ಮಾತ್ರ ಮಂಜಾಗಿದ್ದರೆ ಫೋಕಸ್ ತಪ್ಪಿದೆ. ವೇಷ ನಿಂತಲ್ಲಿನ ನೆಲಹಾಸಿನ ನೇಯ್ಗೆ ಸ್ಪಷ್ಟವಾಗಿದ್ದು, ಮುಖದ ಗೆರೆಗಳು ಒಂದೇ ದಿಕ್ಕಿಗೆ ಎಳೆದಂತಿದ್ದರೆ ಫೋಕಸ್ ಸರಿಯಾಗಿಯೇ ಇದೆ, ಶಟರ್ ನಿಧಾನವಾಗಿದೆ. ಅದನ್ನು ನಿಧಾನ ಮಾಡಿದ್ದು ಮೀಟರ್.

ಯಾಕೆಂದರೆ ಮೀಟರ್‌ಗೆ ತಾನು ನೋಡುತ್ತಿರುವುದು ರಾತ್ರಿ ಎಂದು ಗೊತ್ತಿಲ್ಲ. ಸುಮಾರು 18% ಬೆಳಕು ಹಿಂತಿರುಗಿಸುವ ನಡುಬೂದು ಬಣ್ಣವೇ ಅದರ ಅಳತೆಗೋಲು. ಚೌಕಟ್ಟಿನ ಕಾಲುಭಾಗ ವೇಷ, ಮುಕ್ಕಾಲು ಕತ್ತಲೆ ಇದ್ದಾಗ ಬರಿಯ ಸರಾಸರಿ ತೆಗೆದರೆ ಸಿಗುವ ಬೆಳಕು ಕಾಲು ಪಾಲು. ಅದನ್ನು ತುಂಬಿಸಲು ಕ್ಯಾಮೆರಾ ಎರಡು ಸ್ಟಾಪ್ ಏರಿಸುತ್ತದೆ, ಅಂದರೆ ಬೆಳಕನ್ನು ಎರಡು ಸಲ ಇಮ್ಮಡಿ ಮಾಡುತ್ತದೆ. 1/400 ಸೆಕೆಂಡ್ ಇರಬೇಕಾದ ಶಟರ್ 1/100ಕ್ಕೆ ಇಳಿಯುತ್ತದೆ. ದಿಗಿಣ (ಸುತ್ತಿ ನೆಗೆಯುವ ಕುಣಿತ) ಹಾಕುತ್ತಿರುವ ವೇಷಕ್ಕೆ 1/100 ಏನೇನೂ ಸಾಲದು. ಮುಖ ಸುಟ್ಟಂತೆ ಬಿಳಿಚುವುದು ಬೇರೆ. ಚೌಕಟ್ಟನ್ನು ಹಲವು ವಲಯಗಳಾಗಿ ಅಳೆಯುವ ಬಹುವಲಯ ಮೀಟರಿಂಗ್ ಬರಿಯ ಸರಾಸರಿಗಿಂತ ಜಾಣತನದ್ದು, ಆದರೆ ಇಷ್ಟು ಕತ್ತಲೆ ಎದುರಿದ್ದಾಗ ಅದೂ ಸ್ವಲ್ಪ ಏರಿಸಿಯೇ ಏರಿಸುತ್ತದೆ.

ಡಿಎಸ್‌ಎಲ್‌ಆರ್‌ನಲ್ಲಿ ಈ ಎರಡು ಕೆಲಸಗಳಿಗೆ ಎರಡು ಕಣ್ಣು. ಕನ್ನಡಿಯನ್ನು ದಾಟಿ ಕೆಳಗಿಳಿದ ಬೆಳಕು ಫೋಕಸ್ ಸೆನ್ಸರ್‌ಗೆ, ಮೇಲೆ ಹೋದದ್ದು ವ್ಯೂಫೈಂಡರ್‌ನ ಪೆಂಟಾಪ್ರಿಸಂ ಬಳಿಯ ಮೀಟರ್‌ಗೆ. ಈ ಎರಡು ಕಣ್ಣುಗಳು ಒಂದನ್ನೊಂದು ಕೇಳಿಕೊಂಡು ಕೆಲಸ ಮಾಡತೊಡಗಿದ್ದು ಹಂತಹಂತವಾಗಿ. 1983ರ ನಿಕಾನ್ ಎಫ್ಎ ಬಹುವಲಯ ಮೀಟರಿಂಗ್ ತಂದಿತು. 1996ರ ಎಫ್5 ಮೀಟರ್‌ಗೆ 1005 ಪಿಕ್ಸೆಲ್‌ಗಳ ಬಣ್ಣದ ಕಣ್ಣು ಕೊಟ್ಟಿತು. 2007ರ ಡಿ3ಯಲ್ಲಿ ಆ ಮೀಟರ್ ಕಂಡ ಬಣ್ಣವನ್ನೇ ಹಿಡಿದು ಫೋಕಸ್ ಬಿಂದು ವಸ್ತುವಿನ ಹಿಂದೆ ಹೋಗತೊಡಗಿತು. ಕನ್ನಡಿಯೇ ಇಲ್ಲದ ಮಿರರ್‌ಲೆಸ್‌ನಲ್ಲಂತೂ ಎರಡಕ್ಕೂ ಚಿತ್ರದ ಸೆನ್ಸರ್ ಒಂದೇ.

ಈ ಹೊಂದಾಣಿಕೆ ಹಗಲಲ್ಲಿ ವರ. ರಂಗಸ್ಥಳದಲ್ಲಿ ಅದೇ ತೊಡಕು. ಅನೇಕ ಕ್ಯಾಮೆರಾಗಳ ಬಹುವಲಯ ಮೀಟರಿಂಗ್ ಫೋಕಸ್ ಬಿಂದುವಿನ ಸುತ್ತಲಿನ ಬೆಳಕಿಗೆ ಹೆಚ್ಚು ತೂಕ ಕೊಡುತ್ತದೆ. ಬಿಂದು ಕಿರೀಟದ ಹೊಳಪಿನ ಮೇಲೆ ಕೂತರೆ ಮುಖ ಕಪ್ಪು, ಕಪ್ಪು ಗಡ್ಡದ ಮೇಲೆ ಕೂತರೆ ಮುಖ ಬಿಳಿ. ನಿಕಾನ್‌ನಲ್ಲಿ ಒಂದೇ ಬಿಂದು ಆರಿಸಿದ್ದರೆ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ವೃತ್ತವನ್ನಷ್ಟೇ ಅಳೆಯುವುದು) ಆ ಬಿಂದುವಿನ ಜೊತೆಗೇ ಸರಿಯುತ್ತದೆ. ಕ್ಯಾನನ್‌ನ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಸ್ಪಾಟ್ ಎಂದರೆ ನಟ್ಟನಡುವೆ ಮಾತ್ರ. ವೇಷವನ್ನು ಚೌಕಟ್ಟಿನ ಬದಿಗೆ ಇಟ್ಟು ಸ್ಪಾಟ್ ನಂಬಿದರೆ ಅದು ಅಳೆಯುವುದು ಖಾಲಿ ಕತ್ತಲನ್ನು.

ಹಾಗಾಗಿ ನಾನು ಇವೆರಡನ್ನೂ ಬಿಡಿಸಿಬಿಡುತ್ತೇನೆ. ಫೋಕಸ್ ಪ್ರತಿ ಕ್ಷಣ ಬದಲಾಗಬೇಕು, ಬೆಳಕಿನ ಲೆಕ್ಕ ದೀಪ ಬದಲಾದಾಗ ಮಾತ್ರ.

ಪೂರ್ವರಂಗ ನಡೆಯುವಾಗಲೇ ಅಳತೆ ಮುಗಿಸುತ್ತೇನೆ. ಮ್ಯಾನುಯಲ್ ಮೋಡ್, ಅಪರ್ಚರ್ (ಲೆನ್ಸಿನ ದ್ವಾರ) ಎಫ್ 2.8, ಶಟರ್ 1/400. ಸ್ಪಾಟ್ ವೃತ್ತವನ್ನು ದೀಪಕ್ಕೆ ನೇರ ಮುಖ ಮಾಡಿದ ವೇಷದ ಕೆನ್ನೆಯ ಮೇಲಿಟ್ಟು, ಮೀಟರ್ ಮುಳ್ಳು +2/3ಕ್ಕೆ ಬರುವಂತೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಹೊಂದಿಸುತ್ತೇನೆ. ಸಾಮಾನ್ಯವಾಗಿ ಅದು 1600ರಿಂದ 3200ರ ನಡುವೆ ನಿಲ್ಲುತ್ತದೆ. ಅಳೆಯುವ ವೃತ್ತ ಚೌಕಟ್ಟಿನ 1.5ರಿಂದ 4%ರಷ್ಟು ಇರುವುದರಿಂದ ದೂರದಿಂದ ಅಳೆದರೆ ಕೆನ್ನೆಯ ಜೊತೆ ಕಿರೀಟವೂ ಸೇರುತ್ತದೆ. ಜೂಮನ್ನು 200 ಮಿ.ಮೀ.ಗೆ ಎಳೆದೇ ಅಳೆಯಬೇಕು. ಬಣ್ಣದ ವೇಷದ (ರಾಕ್ಷಸ ಮೊದಲಾದ ಪಾತ್ರಗಳ) ಮುಖದಲ್ಲಿ ಚಿಟ್ಟಿ, ಅಂದರೆ ಅಕ್ಕಿಹಿಟ್ಟಿನಿಂದ ಇಟ್ಟ ಮುಳ್ಳುಗಳ ಸಾಲು, ಇರುತ್ತದೆ. ಅದರ ಮುಳ್ಳುಮುಳ್ಳು ಬಿಳುಪು ಉಳಿಯಬೇಕಾದರೆ ಅಲ್ಲಿಂದ ಇನ್ನೂ 2/3 ಸ್ಟಾಪ್ ಇಳಿಸುತ್ತೇನೆ. ಕೆಂಪು ಚಾನೆಲ್‌ನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಬೇರೆಯಾಗಿ ನೋಡಲೇಬೇಕು. ಒಟ್ಟು ಹಿಸ್ಟೋಗ್ರಾಮ್ ಸರಿ ಕಂಡರೂ ಕೆಂಪು ದಗಲೆಯ (ವೇಷದ ಅಂಗಿಯ) ಮಡಿಕೆಗಳು ಒಂದೇ ಮುದ್ದೆಯಾಗಿರಬಹುದು.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ: ಆಟೋ ಐಎಸ್‌ಒ. ಮ್ಯಾನುಯಲ್‌ನಲ್ಲಿ ಶಟರ್, ಅಪರ್ಚರ್ ಎರಡನ್ನೂ ಕಟ್ಟಿಹಾಕಿದರೂ ಆಟೋ ಐಎಸ್‌ಒ ತೆರೆದಿದ್ದರೆ ಮೀಟರೇ ಯಜಮಾನ. ಅದನ್ನು ಆಫ್ ಮಾಡಿಬಿಡಿ.

ಫೋಕಸ್‌ಗೆ ನಿರಂತರ ಮೋಡ್, ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೊ. ಶಟರ್ ಗುಂಡಿಯಿಂದ ಫೋಕಸ್ ತೆಗೆದು, ಹಿಂದಿನ ಎಎಫ್-ಆನ್ ಗುಂಡಿಗೆ ಮಾತ್ರ ಕೊಡುತ್ತೇನೆ. ಹೆಬ್ಬೆರಳು ಒತ್ತಿದಷ್ಟು ಹೊತ್ತು ಹಿಂಬಾಲಿಸುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಲಾಕ್ ಗುಂಡಿಯ ವಿಷಯದಲ್ಲೂ ಎಚ್ಚರ ಬೇಕು: ಎಇ-ಎಲ್/ಎಎಫ್-ಎಲ್ ಗುಂಡಿ ಇರುವ ನಿಕಾನ್‌ಗಳಲ್ಲಿ ಅದು ಮೂಲತಃ ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಬೆಳಕು ಮಾತ್ರ ಹಿಡಿಯಬೇಕೆಂದಿದ್ದರೆ ಮೆನುವಿನಲ್ಲಿ ಬದಲಿಸಬೇಕು.

8 ಮೀಟರ್ ದೂರದಿಂದ, ಫುಲ್‌ಫ್ರೇಮ್‌ನಲ್ಲಿ, 200 ಮಿ.ಮೀ., ಎಫ್ 2.8ಕ್ಕೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 27 ಸೆಂ.ಮೀ. ವೇಷ ಒಂದು ಹೆಜ್ಜೆ ಮುಂದಿಟ್ಟರೆ ಅದು ಮುಗಿಯಿತು. ಮುಖ ಗುರುತಿಸುವ ಸೌಲಭ್ಯವನ್ನು ನಾನು ಬಣ್ಣದ ವೇಷಕ್ಕೆ ಬಳಸುವುದಿಲ್ಲ. ಗಾಢವಾಗಿ ಬರೆದ ಮುಖವನ್ನು ಬಿಟ್ಟು ಅದು ಹಿಂದಿನ ಭಾಗವತರ ಮುಖಕ್ಕೆ ಹಾರುತ್ತದೆ. ಸಣ್ಣ ವಲಯ ಆರಿಸಿ, ಹುಬ್ಬಿಗೂ ಮೂಗಿಗೂ ನಡುವೆ ಇಡುವುದೇ ವಾಸಿ.

ತೆರೆಯ ಹಿಂದಿನ ಪ್ರವೇಶ ಇನ್ನೂ ಕಷ್ಟ. ಇಬ್ಬರು ಹಿಡಿದ ತೆರೆಯ ಅಂಚು ಅಡ್ಡಗೆರೆ. ಅನೇಕ ಮಿರರ್‌ಲೆಸ್ ಸೆನ್ಸರ್‌ಗಳ ಫೋಕಸ್ ಅಳೆಯುವ ಪಿಕ್ಸೆಲ್‌ಗಳು ಲಂಬ ಗೆರೆಯನ್ನು ಹಿಡಿಯುತ್ತವೆ, ಅಡ್ಡಗೆರೆ ಸಿಕ್ಕರೆ ತಡಕಾಡುತ್ತವೆ. ಕ್ಯಾಮೆರಾವನ್ನು ಹತ್ತು ಹದಿನೈದು ಡಿಗ್ರಿ ವಾಲಿಸಿ ಫೋಕಸ್ ಹಿಡಿದು, ಹೆಬ್ಬೆರಳು ತೆಗೆದು, ನೇರ ಮಾಡಿ ಕಾಯುತ್ತೇನೆ. ತೆರೆ ಸರಿದಾಗ ಮುಖ ತೆರೆಗಿಂತ ಒಂದು ಗೇಣು ಹಿಂದಿರುತ್ತದೆ, ಆದ್ದರಿಂದ ಆ ಕ್ಷಣ ಮತ್ತೆ ಒತ್ತಲೇಬೇಕು.

ಎಲ್ಲ ಕಟ್ಟಿಹಾಕಿದ ಮೇಲೂ ಸಾಲು ಚಿತ್ರಗಳಲ್ಲಿ ಒಂದು ಬೆಳಗಿ ಇನ್ನೊಂದು ಮಂಕಾದರೆ ಮೀಟರನ್ನು ಬೈಯಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 1/400ಕ್ಕೆ ಸಿಗುವುದು ಒಂದು ಮಿಣುಕಿನ ಕಾಲುಭಾಗ ಮಾತ್ರ. ಆ್ಯಂಟಿ-ಫ್ಲಿಕರ್ ಹಾಕಿದರೆ ಕ್ಯಾಮೆರಾ ಬೆಳಕು ಏರಿದ ಕ್ಷಣಕ್ಕೆ ಕಾದು ಶಟರ್ ತೆರೆಯುತ್ತದೆ. ಕ್ಲಿಕ್ಕು ಒಂಚೂರು ತಡವಾಗುತ್ತದೆ, ಪರವಾಗಿಲ್ಲ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಅಡ್ಡಪಟ್ಟಿ ಬಂದರೆ ಮೆಕಾನಿಕಲ್‌ಗೆ ಬದಲಿಸುತ್ತೇನೆ. ಫೋಕಸ್ ನೆರವಿನ ದೀಪವನ್ನು ಆಟ ಶುರುವಾಗುವ ಮೊದಲೇ ಆರಿಸಿರುತ್ತೇನೆ. 8 ಮೀಟರ್ ದೂರಕ್ಕೆ ಅದು ಉಪಯೋಗವಿಲ್ಲ, ಕಲಾವಿದರ ಕಣ್ಣಿಗೆ ಮಾತ್ರ ಹೊಡೆಯುತ್ತದೆ.

ಬೆಳಗಿನವರೆಗೆ ನಡೆಯುವ ಆಟವಾದರೆ ಆಕಾಶ ನೀಲಿಯಾಗತೊಡಗಿದ ಮೇಲೆ ಈ ಅಳತೆ ಹಿಡಿಯುವುದಿಲ್ಲ. ಆಗ ಐದು ನಿಮಿಷಕ್ಕೊಮ್ಮೆ ಕೆನ್ನೆಯನ್ನು ಅಳೆಯುತ್ತೇನೆ. ಹಿನ್ನೆಲೆಯಲ್ಲಿ ಮರಗಳ ಎಲೆ ಬಿಡಿಬಿಡಿಯಾಗಿ ಕಾಣತೊಡಗಿದಾಗ ಬಹುವಲಯ ಮೀಟರಿಂಗ್‌ಗೆ, ಆಟೋ ಐಎಸ್‌ಒಗೆ ಮರಳುತ್ತೇನೆ.