ಇಂಗ್ಲಿಷಿನ 'ಗೆಟ್' ಹೆಂಗ ಬಳಸೋದು, ನಮ್ಮ ಬಾಗಲಕೋಟಿ ಮಾತಿನ್ಯಾಗ

ಗೆಟ್ ಅನ್ನೋ ಕ್ರಿಯಾಪದಕ್ಕ ಡಿಕ್ಷನರಿ ತಗದ್ರ ಅರ್ಥದ ಸಾಲು ಮುಗಿಯಂಗಿಲ್ಲ, ಅದನ್ನೆಲ್ಲಾ ಬಾಯಿಪಾಠ ಮಾಡಾಕ ಹೋಗಬ್ಯಾಡ್ರಿ. ಗೆಟ್ ಮುಂದ ಏನ್ ಬಂದೈತಿ ಅಷ್ಟ ನೋಡ್ರಿ, ಅರ್ಧ ಕೆಲಸ ಅಲ್ಲೇ ಮುಗೀತು.

ಮುಂದ ವಸ್ತು ಇದ್ರ ಸಿಗೋದು ಇಲ್ಲಾ ತರೋದು. ಐ ಗಾಟ್ ಅ ಜಾಬ್, ನೌಕರಿ ಸಿಕ್ತು. ಗೆಟ್ ಮೀ ಸಮ್ ವಾಟರ್, ಒಂಚೂರು ನೀರ ತಂದುಕೊಡು. ಊರ ಹೆಸರ ಬಂದ್ರ ಮುಟ್ಟೋದು, ವಿ ಗಾಟ್ ಟು ಬೆಳಗಾವಿ ಅಟ್ ಟೆನ್, ಆದ್ರ ಹೋಮ್, ಹಿಯರ್, ದೇರ್ ಇದ್ದಲ್ಲಿ ನಡುವ ಟು ಹಾಕಂಗಿಲ್ಲ, ಗೆಟ್ ಹೋಮ್ ಅಷ್ಟ.

ಹಾಟ್, ಕೋಲ್ಡ್, ಆಂಗ್ರಿ ಇಂಥಾ ಗುಣ ಹೇಳೋ ಶಬ್ದ ಬಂದ್ರ ಆಗೋದು. ದಿ ಟೀ ಈಸ್ ಕೋಲ್ಡ್ ಅಂದ್ರ ಚಾ ಆರೇತಿ, ಮುಗೀತು ಕತಿ. ದಿ ಟೀ ಈಸ್ ಗೆಟಿಂಗ್ ಕೋಲ್ಡ್ ಅಂದ್ರ ಆರಾಕತ್ತೈತಿ, ಲಗೂನ ಕುಡಿ.

ನಮಗೊಂದು ಸುಲಭದ ದಾರಿ ಐತಿ, ಯಾಕೋ ಇದನ್ನ ಯಾರೂ ಹೇಳಿಕೊಡಂಗಿಲ್ಲ. 'ನನಗ' ಅಂತ ಸುರು ಆಗಿ 'ಬಂತು', 'ಆತು', 'ಸಿಕ್ತು' ಅಂತ ಮುಗಿಯೋ ಮಾತು ಭಾಳಷ್ಟು ಸಲ ಐ ಗಾಟ್ ಆಗ್ತೈತಿ. ನನಗ ಸಿಟ್ಟ ಬಂತು, ಐ ಗಾಟ್ ಆಂಗ್ರಿ. ನನಗ ನೆಗಡಿ ಆತು, ಐ ಗಾಟ್ ಅ ಕೋಲ್ಡ್. ಎಲ್ಲಾ ಕಡೆ ನಡಿಯಂಗಿಲ್ಲ ಮತ್ತ, ನೆನಪ ಬಂತು ಅನ್ನಾಕ ಐ ರಿಮೆಂಬರ್ಡ್ ಅಂತನ ಅನ್ನಬೇಕು.

ಇನ್ನ 'ಮಾಡಿಸೋದು'. ಐ ಕಟ್ ಮೈ ಹೇರ್ ಅಂದ್ರ ಕೇಳಿದವರು ನೀವ ಕನ್ನಡಿ ಮುಂದ ಕತ್ತರಿ ಹಿಡಕೊಂಡು ನಿಂತಿದ್ರಿ ಅನ್ಕೋತಾರ. ಕಟಿಂಗ್ ಮಾಡಿಸಿಕೊಂಡೆ ಅನ್ನಾಕ ಐ ಗಾಟ್ ಮೈ ಹೇರ್ ಕಟ್. ಇಳಕಲ್ ಸೀರಿ ಮ್ಯಾಲ ಹಾಕ್ಕೊಳ್ಳಾಕ ಗುಳೇದಗುಡ್ಡ ಖಣದ ಕುಪ್ಪಸ ಹೊಲಿಸಿದ್ರಿ ಅನ್ನಿ, ಐ ಗಾಟ್ ಅ ಬ್ಲೌಸ್ ಸ್ಟಿಚ್ಡ್. ಮೊದಲ ವಸ್ತು, ಆಮ್ಯಾಲ ಕ್ರಿಯಾಪದದ ಮೂರನೇ ರೂಪ. ಯಾರ ಕಡಿಂದ ಹೊಲಿಸಿದ್ರಿ ಅಂತ ಹೇಳೋದಿದ್ರ ಟು ಬರ್ತೈತಿ, ಕ್ರಿಯಾಪದ ಮೊದಲನೇ ರೂಪಕ್ಕ ಹೋಗ್ತೈತಿ: ಐ ಗಾಟ್ ದಿ ಟೇಲರ್ ಟು ಸ್ಟಿಚ್ ಇಟ್. ಇಲ್ಲಿ ಗಾಟ್ ಬದಲಿ ಮೇಡ್ ಹಾಕಿದ್ರ ಟು ಬಿದ್ದುಹೋಗ್ತೈತಿ, ಮ್ಯಾಲ ಜಬರ್‌ದಸ್ತಿ ಮಾಡಿದಂಗ ಕೇಳ್ತೈತಿ. ಟೇಲರ್ ಮುಂದ 'ಅಣ್ಣಾರ, ಪಂಚಮಿ ಒಳಗ ಕೊಡ್ರಿ' ಅಂತ ನಾಕ ಸಲ ಹೇಳಿ ರಮಿಸಿ ಹೊಲಿಸೋರು ನಾವು, ಅದಕ್ಕ ಗಾಟ್ ಅನ್ನೋದ ಸರಿ.

ಬಸ್ಸಿನ ಮಾತು. ವಿಜಯಪುರಕ್ಕ ಹೋಗೋ ಹಾದ್ಯಾಗ ಕೊಲ್ಹಾರದಾಗ ಗಡಗಿ ಮೊಸರ ತಗೋಳಾಕ ಇಳಿದ್ರ ಗೆಟ್ ಆಫ್, ಹತ್ತಿದ್ರ ಗೆಟ್ ಆನ್. ರೈಲಿಗೂ ಬೈಕಿಗೂ ಹಿಂಗ. ಕಾರು, ಆಟೋ ಆದ್ರ ಗೆಟ್ ಇನ್, ಗೆಟ್ ಔಟ್ ಆಫ್. ನಾವು ಎಲ್ಲಾದಕ್ಕೂ ಗೆಟ್ ಡೌನ್ ಅಂತೀವಿ, ನಮ್ಮ ದೇಶದಾಗ ಅದು ನಡೀತೈತಿ, ಹೊರದೇಶದವ್ರ ಕೂಡ ಫೋನಿನ್ಯಾಗ ಮಾತಾಡೋರಷ್ಟ ಆಫ್ ರೂಢಿ ಮಾಡ್ಕೋರಿ. ಐ ಆಮ್ ಗೆಟಿಂಗ್ ಲೇಟ್ ಅನ್ನೋದೂ ನಮ್ಮ ಕಡಿ ರೂಢಿನ, ಅವರು ಐ ಆಮ್ ರನ್ನಿಂಗ್ ಲೇಟ್ ಅಂತಾರ.

ಗಾಟನ್ ಅಂತ ಕೇಳಿದ್ರ ಗಾಬರಿ ಆಗಬ್ಯಾಡ್ರಿ, ಅಮೆರಿಕಾದವ್ರು ಮೂರನೇ ರೂಪಕ್ಕ ಹಂಗ ಅಂತಾರ, ಬ್ರಿಟನ್ನಿನ್ಯಾಗ ಹೆಚ್ಚಾಗಿ ಗಾಟ್ ಅಷ್ಟ. ಐ ಹ್ಯಾವ್ ಗಾಟ್ ಟೂ ಬ್ರದರ್ಸ್ ಅಂದ್ರ ನನಗ ಇಬ್ರು ಅಣ್ಣತಮ್ಮರು ಅದಾರ ಅಂತ, ಸಿಕ್ಕಾರ ಅಂತ ಅಲ್ಲ ಮತ್ತ.

ಅರ್ಜಿ, ಆಫೀಸ್ ಪತ್ರದಾಗ ಮಾತ್ರ ಗೆಟ್ ಕಡಿಮಿ ಮಾಡ್ರಿ. ಮಾತಿನ್ಯಾಗ ಐ ಗಾಟ್ ಯುವರ್ ಲೆಟರ್ ಸಾಕು, ಪತ್ರದಾಗ ಐ ರಿಸೀವ್ಡ್ ಯುವರ್ ಲೆಟರ್ ಅಂತ ಬರೀರಿ.