ಸಾಸಿವೆ ಡಬ್ಬಿಯಿಂದ ಅಸಲಿಗೆ

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದಾಳೆ. ಐವತ್ತು ಲಕ್ಷ ಸಾಲ, ಇಪ್ಪತ್ತು ವರ್ಷದ ಅವಧಿ, ಶೇ 8.5 ಬಡ್ಡಿ, ತಿಂಗಳಿಗೆ 43,391 ರೂಪಾಯಿ ಕಂತು. ಗೃಹಪ್ರವೇಶದ ಊಟ ಮುಗಿದು ಎಲೆ ಎತ್ತುತ್ತಿರುವಾಗ ಮೆಲ್ಲನೆ ಪಕ್ಕಕ್ಕೆ ಕರೆದಳು. "ದೊಡ್ಡಮ್ಮ, ಇಪ್ಪತ್ತು ವರ್ಷದ ಸಾಲವನ್ನು ನೀವು ಹತ್ತೇ ವರ್ಷಕ್ಕೆ ಹೇಗೆ ತೀರಿಸಿದಿರಿ? ದೊಡ್ಡಪ್ಪನ ಸಂಬಳವೂ ಅಷ್ಟಕ್ಕಷ್ಟೇ ಇತ್ತಲ್ಲ?" ಆ ಗದ್ದಲದಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅವಳಿಗೂ ಅವಳ ವಯಸ್ಸಿನ ಉಳಿದವರಿಗೂ ಸೇರಿಸಿ ಈಗ ಬರೆಯುತ್ತಿದ್ದೇನೆ.

ನಾವು ಮೈಸೂರಿನ ಬೋಗಾದಿ ಕಡೆ ಮನೆ ಕಟ್ಟಿದ್ದು 2004ರಲ್ಲಿ. ಯಜಮಾನರು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು, ನಾನು ಮನೆಯಲ್ಲಿ. ಎಂಟು ಲಕ್ಷ ಸಾಲ, ಶೇ 8 ಬಡ್ಡಿ, 6,692 ರೂಪಾಯಿ ಕಂತು. ಬಡ್ಡಿ ಕಾಲಕ್ಕೆ ತಕ್ಕಂತೆ ಬದಲಾಗುವಂಥದ್ದು ಎಂದು ಕಾಗದದಲ್ಲಿ ಬರೆದಿತ್ತು, ನಾವು ರುಜು ಹಾಕಿದ್ದೆವು, ಮರೆತಿದ್ದೆವು. ಪ್ರತಿ ತಿಂಗಳೂ ಅಷ್ಟೇ ಹಣ ಹೋಗುತ್ತಿದ್ದುದರಿಂದ ಸಾಲ ತಾನಾಗಿ ಕರಗುತ್ತಿದೆ ಎಂಬ ನೆಮ್ಮದಿಯಲ್ಲಿದ್ದೆವು.

2008ರಲ್ಲಿ ಆದಾಯ ತೆರಿಗೆ ಲೆಕ್ಕಕ್ಕೆಂದು ಸಾಲದ ಸ್ಟೇಟ್‌ಮೆಂಟ್ ತಂದರು. ರಾತ್ರಿ ಅಡುಗೆಮನೆ ಒರೆಸಿ ಬಂದು ಅದನ್ನು ಕೈಗೆತ್ತಿಕೊಂಡೆ. ನಾಲ್ಕು ವರ್ಷದಲ್ಲಿ ನಾವು ಕಟ್ಟಿದ್ದು ಮೂರು ಲಕ್ಷದ ಇಪ್ಪತ್ತೊಂದು ಸಾವಿರ. ಅಸಲು ಇಳಿದಿದ್ದು ಬರೀ 53 ಸಾವಿರ. ನಡುವೆ ಬಡ್ಡಿ ಹತ್ತೂವರೆಗೆ ಏರಿತ್ತು. ಕಂತು ಹೆಚ್ಚಿಸುವ ಬದಲು ಬ್ಯಾಂಕಿನವರು ಅವಧಿಯನ್ನು ಉದ್ದ ಮಾಡುತ್ತಾ ಹೋಗಿದ್ದರು. ಆ ತಿಂಗಳ 6,692ರಲ್ಲಿ ಬಡ್ಡಿಗೆ 6,536, ಅಸಲಿಗೆ 156 ರೂಪಾಯಿ! ಮೂರು ಸಲ ಬೆರಳಿಟ್ಟು ಓದಿದೆ. ಹೂವಿನವಳಿಗೆ ತಿಂಗಳಿಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದೆ.

ಹಾಗಾಗಿ ಮೊದಲ ಸಲಹೆ ಅಡುಗೆಮನೆಯದ್ದಲ್ಲ. ವರ್ಷಕ್ಕೆ ಎರಡು ಸಲವಾದರೂ ಸಾಲದ ಸ್ಟೇಟ್‌ಮೆಂಟ್ ತೆಗೆಸಿ, ಅಸಲು ಎಷ್ಟು ಇಳಿದಿದೆ ಎಂಬುದನ್ನು ಮಾತ್ರ ನೋಡಿ. ಈಗ ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಕೇಳಿದಾಗ ಕೈಲಾದರೆ ಕಂತನ್ನೇ ಹೆಚ್ಚಿಸಿಕೊಳ್ಳಿ. ಬಡ್ಡಿ ಇಳಿದಾಗ ಕಂತು ಇಳಿಸಿಕೊಳ್ಳುವ ಆಸೆಯನ್ನಂತೂ ಪಡಲೇಬೇಡಿ.

ಆ ರಾತ್ರಿಯ ನಂತರ ನಾನು ಹಠಕ್ಕೆ ಬಿದ್ದೆ. ಅಲ್ಲಿಯವರೆಗೆ ಉಳಿಸುತ್ತಿರಲಿಲ್ಲವೆಂದಲ್ಲ, ಎಲ್ಲ ಹೆಂಗಸರಂತೆ ನಾನೂ ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದೆ. ಸಾಸಿವೆ ಡಬ್ಬಿಯ ದುಡ್ಡಿಗೆ ಕಾಲಿರುತ್ತದೆ. ಗೌರಿ ಹಬ್ಬಕ್ಕೆ ಇನ್ನೂರು, ಯಾರದೋ ನಾಮಕರಣಕ್ಕೆ ಐನೂರು, ಬೀದಿಯಲ್ಲಿ ಸ್ಟೀಲ್ ಪಾತ್ರೆಯವನು ಕೂಗಿದಾಗ ಇನ್ನೊಂದಷ್ಟು. ವರ್ಷದ ಕೊನೆಗೆ ಡಬ್ಬಿಯಲ್ಲಿ ಸಾಸಿವೆಯೇ ಉಳಿಯುತ್ತಿತ್ತು. ಆಮೇಲೆ ಮಾಡಿದ ಕಟ್ಟಳೆ ಇಷ್ಟೇ: ಉಳಿದದ್ದೆಷ್ಟಿದ್ದರೂ ಮುಂದಿನ ತಿಂಗಳ ಐದನೇ ತಾರೀಖಿನೊಳಗೆ ಅಸಲಿಗೆ ಹೋಗಬೇಕು. ಎಂಟುನೂರಿದ್ದರೆ ಎಂಟುನೂರು. ಕೌಂಟರಿನ ಹುಡುಗ ನಕ್ಕರೂ ಪರವಾಗಿಲ್ಲ.

ಮೊದಲ ಸಲವೇ ಎಡವಿದೆವು. ಗಳಿಕೆ ರಜೆ ನಗದೀಕರಣದ ಹಣವನ್ನೂ ಕೈಗೆ ಬಂದ ತುಟ್ಟಿಭತ್ಯೆ ಬಾಕಿಯನ್ನೂ ಸೇರಿಸಿ ನಲವತ್ತು ಸಾವಿರ ಕಟ್ಟಿ ಬಂದರು ಯಜಮಾನರು. ಮೂರು ತಿಂಗಳ ಮೇಲೆ ನೋಡಿದರೆ ಅಸಲು ಇಳಿದೇ ಇಲ್ಲ. ಬ್ಯಾಂಕಿನವರು ಅದನ್ನು ಮುಂದಿನ ಕಂತುಗಳ ಮುಂಗಡವೆಂದು ಇಟ್ಟುಕೊಂಡು, ತಿಂಗಳು ತಿಂಗಳೂ ಅದರಿಂದಲೇ ಕಂತು ಮುರಿದುಕೊಳ್ಳುತ್ತಿದ್ದರು. ಅಂದಿನಿಂದ ಪ್ರತಿ ಸಲವೂ ಒಂದು ಬಿಳಿ ಹಾಳೆಯಲ್ಲಿ "ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಕಂತು ಈಗಿನಷ್ಟೇ ಇರಲಿ, ಅವಧಿಯನ್ನು ಕಡಿಮೆ ಮಾಡಿ" ಎಂದು ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಂಡು ಬರುತ್ತಿದ್ದರು. ಈಗ ಮೊಬೈಲಿನಲ್ಲೇ ಕಟ್ಟಬಹುದಂತೆ. ಆದರೂ ಎಲ್ಲಿಗೆ ಜಮಾ ಆಯಿತೆಂದು ಮರುದಿನ ನೋಡುವುದು ತಪ್ಪಬಾರದು. ಬೇಗ ಕಟ್ಟಿದರೆ ದಂಡ ಹಾಕುವ ಕಾಟವೂ ಆಗ ಕೆಲವು ಕಡೆ ಇತ್ತು. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಅದನ್ನು 2012ರಲ್ಲಿ ರಿಸರ್ವ್ ಬ್ಯಾಂಕ್ ತೆಗೆದುಹಾಕಿತು.

ಇನ್ನು ಅಡುಗೆಮನೆ. ಉಳಿತಾಯವೆಂದರೆ ಹೊಟ್ಟೆ ಕಟ್ಟುವುದು ಎಂದು ತಿಳಿದವರಿಗೆ ನಾನು ಬಸ್ಸಾರು ತೋರಿಸುತ್ತೇನೆ. ಒಂದು ಕಟ್ಟು ದಂಟಿನ ಸೊಪ್ಪು, ಒಂದು ಬಟ್ಟಲು ಹಲಸಂದೆ ಕಾಳು. ಕಾಳನ್ನು ರಾತ್ರಿಯೇ ನೆನೆಹಾಕಿದರೆ ಅರ್ಧ ಹೊತ್ತಿನಲ್ಲಿ ಬೇಯುತ್ತದೆ. ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪನ್ನೂ ಎಳೆಯ ದಂಟನ್ನೂ ಉಪ್ಪನ್ನೂ ಹಾಕಿ, ಬೆಂದ ಮೇಲೆ ಕಟ್ಟನ್ನು, ಎಂದರೆ ಬೆಂದ ನೀರನ್ನು, ಬಸಿದುಕೊಳ್ಳಬೇಕು. ಕಾಳು ಸೊಪ್ಪಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಅದರಿಂದ ಒಂದು ಹಿಡಿಯನ್ನು ಮೊದಲೇ ತೆಗೆದಿಟ್ಟು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಮನೆಯ ಸಾರಿನ ಪುಡಿ, ಹುಣಸೆಹಣ್ಣು, ಚೂರು ಕಾಯಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಒಂದೇ ಪಾತ್ರೆಯ ಬೇಯುವಿಕೆಯಲ್ಲಿ ಎರಡು ಪದಾರ್ಥ. ಮುದ್ದೆಯ ಜೊತೆ ರಾತ್ರಿ ಒಂದು ರುಚಿ, ಮರುದಿನ ಬತ್ತಿದ ಮೇಲೆ ಬಿಸಿ ಅನ್ನಕ್ಕೆ ಇನ್ನೊಂದು ರುಚಿ. ವಾರಕ್ಕೆರಡು ಸಲ ಮಾಡುತ್ತಿದ್ದೆ, ಮಕ್ಕಳು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಹೋಟೆಲಿನಲ್ಲಿ ಈಗ ಇದನ್ನೇ 'ಹಳ್ಳಿ ಊಟ'ವೆಂದು ಕೊಟ್ಟು ಎಷ್ಟು ಕೀಳುತ್ತಾರೆ ನೋಡಿ.

ಹೀರೆಕಾಯಿ ಸಿಪ್ಪೆ ಹುರಿದು ಚಟ್ನಿ, ಸೀಮೆಬದನೆ ಸಿಪ್ಪೆಯದೂ ಹಾಗೆಯೇ. ಕಲ್ಲಂಗಡಿಯ ಬಿಳಿ ತಿರುಳು ದೋಸೆ ಹಿಟ್ಟಿಗೆ. ಕೊತ್ತಂಬರಿ ದಂಟು ತಿಳಿಸಾರಿಗೆ. ಇವು ನಮ್ಮಮ್ಮನ ಕಾಲದಿಂದ ಇದ್ದವೇ.

ಗ್ಯಾಸಿನ ವಿಷಯ ಮಾತ್ರ ನಾನೇ ಕಲಿತದ್ದು. ಸಿಲಿಂಡರ್ ಜೋಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದೆ. ಶುರುವಿನಲ್ಲಿ ಸೊನ್ನೆಯಿಂದ ಸೊನ್ನೆಗೆ 42 ದಿನ ಇತ್ತು. ಕುಕ್ಕರಿನಲ್ಲಿ ಕೆಳಗೆ ಬೇಳೆ, ನಡುವೆ ಅಕ್ಕಿ, ಮೇಲಿನ ಬಟ್ಟಲಲ್ಲಿ ತರಕಾರಿ ಒಟ್ಟಿಗೇ ಇಡುವುದು, ಮೊದಲ ಕೂಗು ಬಂದೊಡನೆ ಉರಿ ತಗ್ಗಿಸುವುದು, ಬೇಳೆಯನ್ನು ಅರ್ಧ ಗಂಟೆ ನೆನೆಸುವುದು, ಫ್ರಿಜ್ಜಿನ ಹಾಲನ್ನು ಹತ್ತು ನಿಮಿಷ ಹೊರಗಿಟ್ಟು ಕಾಯಿಸುವುದು. ಇಷ್ಟರಲ್ಲೇ ಐದಾರು ತಿಂಗಳಿಗೆ 58 ದಿನಕ್ಕೆ ಬಂತು. ಬರೆದಿಡದಿದ್ದರೆ ಉಳಿದದ್ದು ಗೊತ್ತೇ ಆಗುವುದಿಲ್ಲ, ಗೊತ್ತಾಗದ ಉಳಿತಾಯ ಅಸಲಿಗೆ ತಲುಪುವುದಿಲ್ಲ.

ಸಾಮಾನನ್ನು ಸುಗ್ಗಿಯಲ್ಲಿ ಕೊಳ್ಳಿ. ಹೊಸ ಹುಣಸೆಹಣ್ಣು ಶಿವರಾತ್ರಿಯ ಆಸುಪಾಸಿನಲ್ಲಿ ಬರುತ್ತದೆ. ಬೀಜ, ನಾರು ತೆಗೆದು ಬಿಸಿಲಿಗೆ ಹಾಕಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬಿದರೆ ವರ್ಷದ ಚಿಂತೆಯಿಲ್ಲ. ಬ್ಯಾಡಗಿ ಮೆಣಸಿನಕಾಯಿಯೂ ಬೇಸಿಗೆ ಹೊತ್ತಿನದೇ. ಹೊಸ ತೊಗರಿಬೇಳೆಯನ್ನು ಬಿಸಿಲು ಕಾಯಿಸಿ, ಅಂಗೈಗೆ ತುಸು ಹರಳೆಣ್ಣೆ ಸವರಿಕೊಂಡು ಉಜ್ಜಿಟ್ಟರೆ ಹುಳು ಹತ್ತಿರ ಸುಳಿಯುವುದಿಲ್ಲ. ಆದರೆ ಅಗ್ಗವೆಂದು ಮೂಟೆಗಟ್ಟಲೆ ಹೊತ್ತು ತರಬೇಡಿ. ಒಂದು ವರ್ಷ ನಾನು ಅಕ್ಕಿ ಹಾಗೆ ತರಿಸಿ, ಆಷಾಢದ ಥಂಡಿಗೆ ಅರ್ಧ ಮೂಟೆ ಮುಗ್ಗಲು ಹಿಡಿದು, ಹಪ್ಪಳ ಸಂಡಿಗೆಗೂ ಬಾರದೆ ಹಸುಗಳ ಪಾಲಾಯಿತು.

ತರಕಾರಿಗೆ ಸಂಜೆ ಸಂತೆಗೆ ಹೋದರೆ ಅಗ್ಗ ಎನ್ನುತ್ತಾರೆ. ನಿಜ, ಆದರೆ ಮುದುರಿದ ಬೀನ್ಸನ್ನು ಅಗ್ಗಕ್ಕೆ ತಂದು ಕಾಲುಭಾಗ ಬಿಸಾಡಿದರೆ ಲೆಕ್ಕ ಸರಿಹೋಯಿತು. ಪಟ್ಟಿ ಬರೆದುಕೊಂಡು ಬೆಳಿಗ್ಗೆ ಹೋಗುವುದೇ ನನಗೆ ಹಿಡಿಸಿದ ದಾರಿ.

ಕಷ್ಟವಾದದ್ದು ಮುಯ್ಯಿ. ಮದುವೆ, ಮುಂಜಿ, ಸೀಮಂತ ಎಂದು ವರ್ಷಕ್ಕೆ ಇಪ್ಪತ್ತು ಮನೆಯ ಕರೆಯೋಲೆ. ಅವರು ಸಾವಿರ ಮಾಡಿದರೆ ನಾವು ಸಾವಿರದ ಐನೂರು ಮಾಡಬೇಕೆಂಬ ಲೆಕ್ಕ. ನಾನು ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿತೆ. ಹುಡುಗಿಯ ಧಾರೆ ಸೀರೆಯನ್ನು ಮೊದಲೇ ತರಿಸಿಕೊಂಡು, ಅದರ ಬಣ್ಣದ ರೇಷ್ಮೆ ದಾರದಲ್ಲಿ ಮಣಿ ಸೇರಿಸಿ ಕುಚ್ಚು ಕಟ್ಟಿಕೊಡುತ್ತಿದ್ದೆ. ಅದೇ ನಮ್ಮ ಮುಯ್ಯಿ. ಎರಡು ಮಧ್ಯಾಹ್ನದ ಕೆಲಸ, ಖರ್ಚು ಮೂವತ್ತು ರೂಪಾಯಿ. ನಾದಿನಿಯೊಬ್ಬಳು "ಅತ್ತಿಗೆ ಕೈ ಬಿಗಿ" ಎಂದು ಮೂತಿ ತಿರುಗಿಸಿದ್ದೂ ಉಂಟು. ಆದರೆ ಆ ಕುಚ್ಚು ನೋಡಿದವರೇ ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಲು ಬಂದರು. ಫಾಲ್ಸ್ ಹೊಲಿಗೆಯೂ ಸೇರಿ ತಿಂಗಳಿಗೆ ಸಾವಿರ, ಸಾವಿರದ ಇನ್ನೂರು ಬರತೊಡಗಿತು. ಅದೂ ಐದನೇ ತಾರೀಖಿಗೆ ಅಸಲಿಗೆ.

ಮನೆಯನ್ನೂ ಒಂದೇ ಸಲಕ್ಕೆ ಸಿಂಗರಿಸಲಿಲ್ಲ. ಕಿಟಕಿಗೆ ಹಳೆಯ ವಾಯಿಲ್ ಸೀರೆಯ ಪರದೆ. ಕಾಂಪೌಂಡು ಗಾರೆಯಿಲ್ಲದ ಇಟ್ಟಿಗೆ ಗೋಡೆ. ಯಜಮಾನರು ನಾಲ್ಕು ವರ್ಷ ಕಚೇರಿಗೆ ಸೈಕಲ್ಲಿನಲ್ಲಿ ಹೋದರು. ತಮ್ಮ ಆರೋಗ್ಯಕ್ಕೆಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದರು, ಪೆಟ್ರೋಲಿಗೆಂದು ನನಗೆ ಗೊತ್ತಿತ್ತು.

ಎಲ್ಲೆಲ್ಲಿ ಕೈ ಬಿಗಿಯಬಾರದು ಎಂಬುದನ್ನು ಪೆಟ್ಟು ತಿಂದೇ ಕಲಿತೆ. ನೀರಿನ ಮೋಟಾರಿನ ಸೀಲ್ ಸೋರುತ್ತಿತ್ತು. ಬದಲಿಸಲು 250 ರೂಪಾಯಿ ಎಂದ ಮೆಕ್ಯಾನಿಕ್. ಮುಂದಿನ ತಿಂಗಳು ನೋಡೋಣವೆಂದು ಕೆಳಗೊಂದು ಬಕೆಟ್ ಇಟ್ಟೆ. ಮೂರನೇ ವಾರ ನೀರು ಒಳಗಿಳಿದು ಕಾಯಿಲ್ ಸುಟ್ಟಿತು. ರೀವೈಂಡಿಂಗಿಗೆ 1,800, ನಾಲ್ಕು ದಿನ ಪಕ್ಕದ ಮನೆಯಿಂದ ನೀರು ಹೊರುವ ಕೆಲಸ ಬೇರೆ. ಸೋರುವುದು, ಸಡಿಲವಾದದ್ದು, ಹಲ್ಲುನೋವು, ಇವನ್ನು ಮುಂದೂಡಬೇಡಿ. ಆರೋಗ್ಯ ವಿಮೆ, ದುಡಿಯುವವರ ಹೆಸರಿನ ಅವಧಿ ವಿಮೆ (ಟರ್ಮ್ ಇನ್ಶೂರೆನ್ಸ್), ಮಕ್ಕಳ ಫೀಸು, ಹಾಲು ಮೊಸರು, ಇವಕ್ಕೂ ಕತ್ತರಿ ಬೇಡ. ಆರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಇಟ್ಟ ಮೇಲೆಯೇ ಅಸಲಿನ ಕಡೆ ಹೊರಡಿ. ಕ್ರೆಡಿಟ್ ಕಾರ್ಡಿನ ಬಾಕಿಯಿದ್ದರೆ ಮೊದಲು ಅದನ್ನು ತೀರಿಸಿ. ಅದರ ಬಡ್ಡಿಯ ಮುಂದೆ ಮನೆಸಾಲದ್ದು ಏನೂ ಅಲ್ಲ.

ತಂಗಿಯ ಅಳಿಯ ಕಂಪ್ಯೂಟರ್ ಓದಿದವನು. "ದೊಡ್ಡಮ್ಮ, ಆ ಹಣವನ್ನು ಮ್ಯೂಚುವಲ್ ಫಂಡಿಗೆ ಹಾಕಿದರೆ ಇನ್ನೂ ಹೆಚ್ಚು ಬರಬಹುದು, ಬಡ್ಡಿಗೆ ತೆರಿಗೆ ವಿನಾಯಿತಿಯೂ ಇದೆ" ಎಂದ. ವಿನಾಯಿತಿ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿದ್ದರೆ ಮಾತ್ರ, ವಾಸದ ಮನೆಗೆ ವರ್ಷಕ್ಕೆ ಎರಡು ಲಕ್ಷ ಬಡ್ಡಿಯವರೆಗೆ. ಹೊಸ ಪದ್ಧತಿಗೆ ಹೋದವರಿಗೆ ಅದೂ ಇಲ್ಲ. ಫಂಡಿನ ಮಾತು ನಾನು ಆಡಲಾರೆ. ಆ ಹಣ ನಿಜವಾಗಿ ಪ್ರತಿ ತಿಂಗಳೂ ಅಲ್ಲಿಗೆ ಹೋಗುತ್ತದೆಯೋ, ಹೊಸ ಮೊಬೈಲಿಗೆ ಹೋಗುತ್ತದೆಯೋ ಎಂದಷ್ಟೇ ಕೇಳಿದೆ. ಅವನ ಹೆಂಡತಿ ನಕ್ಕಳು.

ಅವಳಿಗೊಂದು ಲೆಕ್ಕ ಮಾಡಿ ತೋರಿಸಿದ್ದೇನೆ. ಅವಳ ಮೊದಲ ತಿಂಗಳ ಕಂತಿನಲ್ಲಿ ಬಡ್ಡಿ 35,417, ಅಸಲು 7,974. ಶುರುವಿನಲ್ಲೇ ಒಂದು ಲಕ್ಷ ಹೆಚ್ಚಾಗಿ ಅಸಲಿಗೆ ಕಟ್ಟಿ ಕಂತನ್ನು ಹಾಗೆಯೇ ಬಿಟ್ಟರೆ, ಬಡ್ಡಿ ದರ ಅಷ್ಟೇ ಇದ್ದ ಪಕ್ಷಕ್ಕೆ, ಕೊನೆಯ ಹನ್ನೆರಡು ಕಂತುಗಳು ಇಲ್ಲವಾಗುತ್ತವೆ. ಎಂದರೆ ಒಂದು ಲಕ್ಷ ಕೊಟ್ಟು ಐದು ಲಕ್ಷದ ಇಪ್ಪತ್ತು ಸಾವಿರ ಕಟ್ಟುವುದು ತಪ್ಪುತ್ತದೆ. ಅದೇ ಲಕ್ಷವನ್ನು ಹದಿನೈದನೇ ವರ್ಷದಲ್ಲಿ ಕಟ್ಟಿದರೆ ಇಷ್ಟು ಲಾಭವಿಲ್ಲ. ಹಾಗಾಗಿ ಸಿಂಗಾರದ ಸೋಫಾ ಐದು ವರ್ಷ ಕಾಯಲಿ, ಅಸಲು ಕಾಯುವುದು ಬೇಡ.

ನಾವು 2008ರಿಂದ ಕಂತು ಸೇರಿ ತಿಂಗಳಿಗೆ ಹತ್ತು ಸಾವಿರ, ವರ್ಷಕ್ಕೊಮ್ಮೆ ಐವತ್ತು ಸಾವಿರದ ಆಸುಪಾಸು ಕಟ್ಟುತ್ತಾ ಬಂದೆವು. 2014ರಲ್ಲಿ ಸಾಲ ಮುಗಿಯಿತು. ಮುಗಿದ ಮೇಲೂ ಕೆಲಸವಿರುತ್ತದೆ. ಬಾಕಿಯಿಲ್ಲವೆಂಬ ಪತ್ರ ತೆಗೆದುಕೊಳ್ಳಿ. ಸಾಲ ಪಡೆದಾಗ ಕೊಟ್ಟ ದಾಖಲೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕ್ರಯಪತ್ರದಿಂದ ಹಿಡಿದು ಪ್ರತಿ ಪುಟ ಎಣಿಸಿಕೊಳ್ಳಿ. 2023ರ ಡಿಸೆಂಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ನಮ್ಮ ಕಾಲಕ್ಕೆ ಅದಿರಲಿಲ್ಲ. ಒಂದು ಹಳೆಯ ಕಂದಾಯ ರಸೀದಿ ಸಿಗದೆ ಯಜಮಾನರು ಎರಡು ತಿಂಗಳು ಅಲೆದರು. ಆಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ, ಬ್ಯಾಂಕಿನ ಹೆಸರು ಇಳಿದಿದೆಯೆಂದು ಕಣ್ಣಾರೆ ನೋಡಿದೆವು.

ಕಾಂಪೌಂಡಿಗೆ ಗಾರೆ ಮಾಡಿಸಿದ್ದು ಅದರ ಮುಂದಿನ ತಿಂಗಳು, ಕಂತಿಗೆಂದು ತೆಗೆದಿಡುತ್ತಿದ್ದ ಹತ್ತು ಸಾವಿರದಲ್ಲಿ.